ರೆಸ್ಯೂಮೆ ಬರೆಯಲು ಗೂಗಲ್ ಡಾಕ್ಸ್: ವರ್ಷಗಟ್ಟಲೆ ಬಳಸಿದವನ ಅಭಿಪ್ರಾಯ

ರೆಸ್ಯೂಮೆ ಮಾಡೋಕೆ ಯಾವ ಆ್ಯಪ್‌ಗೆ ದುಡ್ಡು ಕಟ್ಟಲಿ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ: ಯಾವುದಕ್ಕೂ ಬೇಡ, ಬರೆಯೋಕೆ ಅಂತ ಗೂಗಲ್ ಪುಕ್ಕಟೆ ಕೊಡುವ ಗೂಗಲ್ ಡಾಕ್ಸ್ ಸಾಕು. ನಾನು ಅಕೌಂಟ್ಸ್ ಕೆಲಸದಲ್ಲಿರುವವನು. ಕೆಲಸ ಬದಲಾಯಿಸಿದಾಗಲೆಲ್ಲ ಇದರಲ್ಲಿ ಬರೆದ ರೆಸ್ಯೂಮೆಯನ್ನೇ ಕಳಿಸಿದ್ದೇನೆ. ಈಗ ನಮ್ಮ ಆಫೀಸಿಗೆ ಬರುವ ಅರ್ಜಿಗಳನ್ನು ಮೊದಲು ನೋಡುವುದೂ ನಾನೇ. ಬರೆಯುವವರ ಕಷ್ಟ, ಓದುವವರ ಅವಸರ ಎರಡೂ ಗೊತ್ತಿರುವುದರಿಂದ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ಒಂದು ಗೂಗಲ್ ಖಾತೆ ಇದ್ದರೆ ಆಯಿತು, ಖರ್ಚಿಲ್ಲ. ಕೆಲವು ರೆಸ್ಯೂಮೆ ಸೈಟ್‌ಗಳಲ್ಲಿ ಎಲ್ಲ ತುಂಬಿ ಮುಗಿಸಿದ ಮೇಲೆ, ಡೌನ್‌ಲೋಡ್ ಒತ್ತುವಾಗ ದುಡ್ಡು ಕೇಳುತ್ತಾರೆ. ಇಲ್ಲಿ ಆ ಕಾಟ ಇಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದರೆ ಕೈಗೆ ಪ್ರಿಂಟ್ ಸಿಗುತ್ತದೆ, ಫೈಲ್ ಅವರ ಕಂಪ್ಯೂಟರ್‌ನಲ್ಲೇ ಉಳಿಯುತ್ತದೆ. ಫೋನ್ ನಂಬರ್ ಬದಲಾದರೂ ಮತ್ತೆ ಅಲ್ಲಿಗೇ ಹೋಗಬೇಕು. ರೆಸ್ಯೂಮೆ ಫೈಲ್ ನಮ್ಮ ಕೈಯಲ್ಲೇ ಇರಬೇಕು ಅನ್ನುವುದು ನನ್ನ ಮೊದಲ ಮಾತು.

ಇನ್ನು ಟೆಂಪ್ಲೇಟ್ ವಿಚಾರ. ಟೆಂಪ್ಲೇಟ್ ಗ್ಯಾಲರಿಯಲ್ಲಿ ಸ್ವಿಸ್, ಸೆರಿಫ್, ಕೋರಲ್, ಸ್ಪಿಯರ್‌ಮಿಂಟ್, ಮಾಡರ್ನ್ ರೈಟರ್ ಮುಂತಾದ ರೆಸ್ಯೂಮೆ ಮಾದರಿಗಳಿವೆ. ಸೆರಿಫ್ ನೋಡೋಕೆ ಚೆಂದ. ಆದರೆ ಅದು ಎರಡು ಕಾಲಮ್‌ನದು: ಎಡಕ್ಕೆ ಅನುಭವ, ಬಲಕ್ಕೆ ಸ್ಕಿಲ್ಸ್, ಭಾಷೆ ಇತ್ಯಾದಿ. ದೊಡ್ಡ ಕಂಪನಿಗಳಲ್ಲಿ ನಮ್ಮ ರೆಸ್ಯೂಮೆಯನ್ನು ಮೊದಲು ಎಟಿಎಸ್ ಅನ್ನುವ ಸಾಫ್ಟ್‌ವೇರ್ ಓದಿ, ಹೆಸರು, ಓದು, ಅನುಭವ ಅಂತ ಬೇರೆ ಬೇರೆ ಮಾಡಿಕೊಳ್ಳುತ್ತದೆ. ಎರಡು ಕಾಲಮ್ ಇದ್ದಾಗ ಅಂಥ ಸಾಫ್ಟ್‌ವೇರ್‌ಗಳಲ್ಲಿ ಕೆಲವು ಈ ಸಾಲನ್ನೂ ಆ ಸಾಲನ್ನೂ ಸೇರಿಸಿ ಓದಿಬಿಡುತ್ತವೆ. ಅದಕ್ಕೇ ನಾನು ಸ್ಪಿಯರ್‌ಮಿಂಟ್‌ನಂಥ ಸರಳ ಮಾದರಿ ತಗೊಂಡು, ಬಣ್ಣ ತೆಗೆದು ಕಪ್ಪು ಮಾಡಿಕೊಳ್ಳುತ್ತೇನೆ. ಕಳಿಸುವ ಮುಂಚೆ ಪಿಡಿಎಫ್ ತೆರೆದು, ಪೂರ್ತಿ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ ನೋಡಿ. ಅಲ್ಲಿ ಸಾಲುಗಳು ಸರಿಯಾದ ಕ್ರಮದಲ್ಲಿ ಬಂದರೆ ಹೆಚ್ಚು ಚಿಂತೆ ಬೇಡ.

ಪೇಜ್ ಸೆಟಪ್ ಕೂಡ ನೋಡಿಕೊಳ್ಳಿ. ಕಾಗದದ ಅಳತೆ ಅಮೆರಿಕದ ಲೆಟರ್ ಅಂತ ಇದ್ದರೆ ಎ4ಗೆ ಬದಲಾಯಿಸಿ. ಲೆಟರ್ ಉದ್ದ 279 ಮಿಲಿಮೀಟರ್, ಎ4 ಉದ್ದ 297. ಒಂದೇ ಪುಟದಲ್ಲಿ ಮುಗಿಸಬೇಕು ಅಂತ ಒದ್ದಾಡುವಾಗ ಆ 18 ಮಿಲಿಮೀಟರ್‌ನಲ್ಲಿ ಮೂರು ಸಾಲು ಹಿಡಿಯುತ್ತದೆ!

ಆದರೆ ನಾನು ಇಷ್ಟು ವರ್ಷ ಇದನ್ನೇ ಹಿಡಿದುಕೊಂಡಿರುವುದು ಟೆಂಪ್ಲೇಟ್‌ಗಾಗಿ ಅಲ್ಲ. ಡಾಕ್ಸ್ ಫೈಲ್‌ಗಳು ಉಳಿಯುವ ನನ್ನ ಗೂಗಲ್ ಡ್ರೈವ್‌ನಲ್ಲಿ ಒಂದು ಉದ್ದನೆಯ ಫೈಲ್ ಇದೆ. ಹೆಸರು 'ಎಲ್ಲಾ ಕೆಲಸ'. ಮಾಡಿದ ಕೆಲಸ, ಕಲಿತ ಸಾಫ್ಟ್‌ವೇರ್, ಕಂಪನಿಗೆ ಉಳಿಸಿಕೊಟ್ಟ ದುಡ್ಡು, ಎಲ್ಲವನ್ನೂ ಆಯಾ ತಿಂಗಳಲ್ಲೇ ಅದರಲ್ಲಿ ಬರೆದಿಡುತ್ತೇನೆ. ಅದನ್ನು ಯಾರಿಗೂ ಕಳಿಸುವುದಿಲ್ಲ. ಹೊಸ ಕೆಲಸಕ್ಕೆ ಅರ್ಜಿ ಹಾಕುವಾಗ 'ಮೇಕ್ ಎ ಕಾಪಿ' ಒತ್ತಿ, ಜಾಹೀರಾತು ಪಕ್ಕದಲ್ಲಿಟ್ಟುಕೊಂಡು, ಬೇಡದ್ದನ್ನು ಅಳಿಸುತ್ತಾ ಹೋಗುತ್ತೇನೆ. ಖಾಲಿ ಪುಟದ ಮುಂದೆ ಕೂತು ನೆನಪಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಸಲೀಸು. ಅಳಿಸಿದ್ದು ಮತ್ತೆ ಬೇಕಾದರೆ ವರ್ಷನ್ ಹಿಸ್ಟರಿಯಲ್ಲಿ ಹಳೆಯದು ಸಿಗುತ್ತದೆ. 2024ರಲ್ಲಿ ಒಂದೇ ಫೈಲ್‌ನೊಳಗೆ ಟ್ಯಾಬ್ ಮಾಡುವ ಸೌಲಭ್ಯವೂ ಬಂತು. ಆದರೂ ನಾನು ಪ್ರತಿ ಅರ್ಜಿಗೆ ಬೇರೆ ಫೈಲೇ ಇಡುತ್ತೇನೆ. ಯಾರಿಗಾದರೂ ಲಿಂಕ್ ಕೊಟ್ಟರೆ ಒಂದೇ ರೆಸ್ಯೂಮೆ ಕಾಣಲಿ ಅಂತ.

ಎರಡನೆಯ ಕಾರಣ ಕಾಮೆಂಟ್ ಮತ್ತು ಸಜೆಸ್ಟಿಂಗ್, ಅಂದರೆ ಬೇರೆಯವರು ಪಕ್ಕದಲ್ಲಿ ಮಾತು ಬರೆಯುವ, ನಾವು ಒಪ್ಪಿದರೆ ಮಾತ್ರ ಉಳಿಯುವ ತಿದ್ದುಪಡಿ ಸೂಚಿಸುವ ಸೌಲಭ್ಯ. ನಮ್ಮ ಚಿಕ್ಕಪ್ಪನ ಮಗಳು ಬಿಕಾಂ ಮುಗಿಸಿ ದಾವಣಗೆರೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದಳು. ಅವಳ ರೆಸ್ಯೂಮೆಯಲ್ಲಿ ಅನುಭವದ ಕೆಳಗೆ ಇದ್ದದ್ದು ಒಂದೇ ಸಾಲು: 'ಅಂಗಡಿಯ ಅಕೌಂಟ್ಸ್ ನೋಡಿಕೊಳ್ಳುವುದು.' ನಾನು ಬೆಂಗಳೂರಲ್ಲಿ ಕೂತು ಪಕ್ಕದಲ್ಲಿ ಕಾಮೆಂಟ್ ಹಾಕಿದೆ, 'ದಿನಾ ಬೆಳಿಗ್ಗೆ ಹೋಗಿ ಏನೇನ್ ಮಾಡ್ತೀಯ, ಹಾಗೇ ಬರಿ ಪುಟ್ಟಿ.' 'ಅದೆಲ್ಲ ಎಲ್ಲರೂ ಮಾಡೋದೇ ಅಲ್ವಾ ಅಣ್ಣಾ' ಅಂತ ಉತ್ತರ ಬಂತು. ಆಮೇಲೆ ಒಂದೊಂದೇ ಹೊರಗೆ ಬಂತು. ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಬಿಲ್ ಎಂಟ್ರಿ. ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವುದು. ತಿಂಗಳ 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ ಜಿಎಸ್‌ಟಿಆರ್-3ಬಿ ಅನ್ನುವ ಜಿಎಸ್‌ಟಿ ರಿಟರ್ನ್‌ಗಳು ಹೋಗುವಂತೆ ಲೆಕ್ಕ ಸಿದ್ಧ ಮಾಡಿ ಆಡಿಟರ್‌ಗೆ ಕೊಡುವುದು. ಬಾಕಿ ಉಳಿಸಿಕೊಂಡ ಗಿರಾಕಿಗಳಿಗೆ ಫೋನ್ ಮಾಡಿ ವಸೂಲಿ. ಇವೇ ನಾಲ್ಕು ಸಾಲು ಆದವು. ಅಕೌಂಟೆಂಟ್ ಬೇಕಾದವರು ಹುಡುಕುವುದು ಇದನ್ನೇ. ಗಡುವು ತಪ್ಪದೆ ರಿಟರ್ನ್ ಲೆಕ್ಕ ಕೊಡುತ್ತಿದ್ದ ಹುಡುಗಿ ಅಂದರೆ ಓದುವವರಿಗೆ ತಕ್ಷಣ ಧೈರ್ಯ ಬರುತ್ತದೆ. 'ಹಾರ್ಡ್ ವರ್ಕಿಂಗ್, ಸಿನ್ಸಿಯರ್' ಅಂತ ಬರೆದರೆ ಆ ಧೈರ್ಯ ಬರುವುದಿಲ್ಲ.

ಅದೇ ಫೈಲ್‌ನಿಂದ ತೆಗೆಸಿದ್ದೂ ಬಹಳ. ಅಪ್ಪನ ಹೆಸರು, ಮದುವೆ ಆಗಿದೆಯೋ ಇಲ್ಲವೋ, ಧರ್ಮ, ಕೊನೆಯಲ್ಲಿ 'ಐ ಹಿಯರ್‌ಬೈ ಡಿಕ್ಲೇರ್' ಅಂತ ಪ್ರಮಾಣ, ಸ್ಥಳ, ದಿನಾಂಕ, ಸಹಿ. ಇವು ಬಯೋಡೇಟಾ ಕಾಲದಿಂದ ಬಂದ ರೂಢಿ. ಖಾಸಗಿ ಕಂಪನಿಗೆ ಮೊದಲ ಸುತ್ತಿನಲ್ಲಿ ಯಾವುದೂ ಬೇಕಿಲ್ಲ. ಆಧಾರ್ ನಂಬರ್ ಅಂತೂ ದಯವಿಟ್ಟು ಹಾಕಬೇಡಿ. ನಿಮ್ಮ ರೆಸ್ಯೂಮೆ ಯಾರ್ಯಾರ ಕೈಗೆ ಹೋಗುತ್ತದೋ ಹೇಳಲಾಗದು. ಸರ್ಕಾರಿ ಅರ್ಜಿಗಳ ಕಥೆ ಬೇರೆ, ಅಲ್ಲಿ ಅವರು ಕೇಳಿದ ನಮೂನೆಯಲ್ಲೇ ಕೊಡಬೇಕು.

ಸ್ಪೆಲ್‌ಚೆಕ್ ಚೆನ್ನಾಗಿದೆ, ಆದರೆ ಪೂರ್ತಿ ನಂಬಬೇಡಿ. ಇಂಗ್ಲಿಷ್‌ನಲ್ಲಿ 'ಫ್ರಮ್' ಇರಬೇಕಾದ ಕಡೆ 'ಫಾರ್ಮ್' ಅಂತ ಬಿದ್ದರೆ ಎರಡೂ ಸರಿಯಾದ ಪದಗಳೇ. ಗೆರೆ ಬೀಳದೆಯೇ ಹೋಗಬಹುದು. ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ.

ಕನ್ನಡದಲ್ಲೇ ರೆಸ್ಯೂಮೆ ಬೇಕಾಗುವ ಕಡೆಗಳಿವೆ: ಪತ್ರಿಕೆ, ಪ್ರಕಾಶನ, ಹಳ್ಳಿಗಳಲ್ಲಿ ಕೆಲಸ ಮಾಡುವ ಸಂಸ್ಥೆಗಳು. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಫಾಂಟ್‌ಗಳು ಇಲ್ಲೇ ಸಿಗುತ್ತವೆ, ಒತ್ತಕ್ಷರ ಮುರಿಯುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಮಾತ್ರ ಇಲ್ಲಿಗೆ ತಂದು ಪೇಸ್ಟ್ ಮಾಡಬೇಡಿ, ಅಕ್ಷರವೆಲ್ಲ ಕಲಸಿಹೋಗುತ್ತದೆ.

ಕಳಿಸುವಾಗ ಡಾಕ್ಸ್ ಲಿಂಕ್ ಕೊಡುವುದಕ್ಕಿಂತ ಪಿಡಿಎಫ್ ಒಳ್ಳೆಯದು. ಹೊಸ ಫೈಲ್ ಸಾಮಾನ್ಯವಾಗಿ 'ರಿಸ್ಟ್ರಿಕ್ಟೆಡ್' ಆಗಿಯೇ ಇರುತ್ತದೆ. ಲಿಂಕ್ ಒತ್ತಿದವರಿಗೆ ಅನುಮತಿ ಕೇಳಿ ಅಂತ ಬರುತ್ತದೆ, ನೂರು ಅರ್ಜಿ ನೋಡುವ ಎಚ್‌ಆರ್ ಅಷ್ಟು ಕಾಯುವುದಿಲ್ಲ. ಫೈಲ್ ಹೆಸರಲ್ಲಿ ನಿಮ್ಮ ಹೆಸರು, ಯಾವ ಕೆಲಸ ಅನ್ನುವುದು ಇರಲಿ. 'ನ್ಯೂ ರೆಸ್ಯೂಮೆ ಫೈನಲ್ 2' ಅಂತ ಬಂದ ಫೈಲ್‌ಗಳನ್ನು ಆಮೇಲೆ ಹುಡುಕೋದು ನಮಗೆ ನಿಜಕ್ಕೂ ಕಷ್ಟ. ವರ್ಡ್ ಫೈಲ್ ಕೇಳಿದರೆ ಅದಕ್ಕೂ ಡೌನ್‌ಲೋಡ್ ಇದೆ, ಆದರೆ ಜಾಗ ಸ್ವಲ್ಪ ಆಚೀಚೆ ಆಗಬಹುದು. ತೆರೆದು ನೋಡಿಯೇ ಕಳಿಸಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಮೊಬೈಲ್ ಆ್ಯಪ್‌ಗಾಗಿ. ಲ್ಯಾಪ್‌ಟಾಪ್ ಇಲ್ಲದ ಎಷ್ಟೋ ಹುಡುಗ ಹುಡುಗಿಯರು ಫೋನ್‌ನಲ್ಲೇ ರೆಸ್ಯೂಮೆ ಬರೆಯುತ್ತಾರೆ. ಸಾಲು ತಿದ್ದುವುದಕ್ಕೆ, ಕಾಮೆಂಟ್‌ಗೆ ಉತ್ತರ ಕೊಡುವುದಕ್ಕೆ ಫೋನ್ ಸಾಕು. ಟೇಬಲ್, ಅಂಚು, ಸಾಲಿನ ನಡುವಿನ ಜಾಗ ಇವನ್ನು ಸರಿಮಾಡೋಕೆ ಚಿಕ್ಕ ಪರದೆಯಲ್ಲಿ ತುಂಬಾ ಹಿಂಸೆ. ಅಂಥವರು ಫೋನ್‌ನಲ್ಲಿ ವಿಷಯ ಪೂರ್ತಿ ಬರೆದಿಟ್ಟುಕೊಂಡು, ಕಾಲೇಜು ಲ್ಯಾಬಲ್ಲೋ ಗೆಳೆಯರ ಲ್ಯಾಪ್‌ಟಾಪಲ್ಲೋ ಅರ್ಧ ಗಂಟೆ ಕೂತು ಕೊನೆಯ ರೂಪ ಕೊಡಿ. ಎದ್ದು ಬರುವಾಗ ಖಾತೆಯಿಂದ ಲಾಗೌಟ್ ಆಗುವುದನ್ನು ಮರೆಯಬೇಡಿ.