ರಿಪೋರ್ಟೆಡ್ ಸ್ಪೀಚ್ ಕಲಿಸಿದ ಸಂಜೆ ತರಗತಿ

ನಮ್ಮ ಬಡಾವಣೆಯ ಇಂಗ್ಲಿಷ್ ಸಂಜೆ ತರಗತಿಗೆ ಎರಡು ತಿಂಗಳು ಹೋಗಿದ್ದೆ. ಅಲ್ಲಿ ರಿಪೋರ್ಟೆಡ್ ಸ್ಪೀಚ್, ಅಂದರೆ ಒಬ್ಬರು ಆಡಿದ ಮಾತನ್ನು ಇನ್ನೊಬ್ಬರಿಗೆ ತಿಳಿಸುವ ರೀತಿ, ಕಲಿಸಿದರು. ಕನ್ನಡದಲ್ಲಿ ‘ಬರುತ್ತೇನೆ ಎಂದು ಹೇಳಿದ’ ಎನ್ನುವಾಗ ಆಡಿದ ಮಾತು ಇದ್ದ ಹಾಗೆಯೇ ಉಳಿಯುವುದರಿಂದ, ನಾವು ಇಂಗ್ಲಿಷಿನಲ್ಲೂ ‘ಹೀ ಸೆಡ್ ಹೀ ವಿಲ್ ಕಮ್’ ಎಂದುಬಿಡುತ್ತೇವೆ. ಸಾಮಾನ್ಯವಾಗಿ ಅಲ್ಲಿ ವಿಲ್ ಎಂಬುದು ವುಡ್ ಆಗಬೇಕು, ಕ್ಯಾನ್ ಎಂಬುದು ಕುಡ್ ಆಗಬೇಕು, ಶುಡ್ ಮಾತ್ರ ಬದಲಾಗದು ಎಂಬುದನ್ನು ಶಿಕ್ಷಕರು ನಮ್ಮದೇ ವಾಕ್ಯಗಳನ್ನು ಹಲಗೆಯ ಮೇಲೆ ಬರೆದು, ಒಂದೊಂದೇ ಪದ ಅಳಿಸಿ ತಿದ್ದಿ ತೋರಿಸಿದ ರೀತಿ ಬಹಳ ಮೆಚ್ಚುಗೆಯಾಯಿತು. ಆದರೆ ಅವರು ಕೊಟ್ಟ ಮುದ್ರಿತ ಟಿಪ್ಪಣಿಯಲ್ಲಿ ಮಸ್ಟ್ ಯಾವಾಗಲೂ ‘ಹ್ಯಾಡ್ ಟು’ ಆಗುತ್ತದೆ ಎಂದಿರುವುದು ತಪ್ಪು. ‘ಯೂ ಮಸ್ಟ್ ಬಿ ಟಯರ್ಡ್’ ಎಂಬಂಥ ಊಹೆಯ ಮಾತಿನಲ್ಲಿ ಮಸ್ಟ್ ಹಾಗೆಯೇ ನಿಲ್ಲುತ್ತದೆ. ಶುಲ್ಕ ದುಬಾರಿಯಲ್ಲ. ಆ ಒಂದು ಪುಟ ತಿದ್ದಿದರೆ ನನ್ನ ತಂಗಿಯನ್ನೂ ಅಲ್ಲಿಗೇ ಸೇರಿಸುವೆ.