ಹೊಸೂರಿನಿಂದ ಒಂದು ದಿನ: ಎಗ್ಮೋರೋ, ಕಸ್ತೂರಬಾ ರಸ್ತೆಯೋ?

ಹೊಸೂರು, ಡೆಂಕಣಿಕೋಟೆ ಕಡೆಯ ಕನ್ನಡಿಗರು ಪ್ರಾಚೀನ ಇತಿಹಾಸಕ್ಕಾಗಿ ಇಡೀ ದಿನವನ್ನು ಮೀಸಲಿಡುವುದಾದರೆ, 1851ರಲ್ಲಿ ಆರಂಭವಾದ ಚೆನ್ನೈ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯವೇ ತಕ್ಕದ್ದು. ಆಂಧ್ರದ ಅಮರಾವತಿಯ ಬೌದ್ಧ ಸ್ತೂಪದ ಉಬ್ಬುಶಿಲ್ಪಗಳ ಮುಂದೆಯೇ ಹೊತ್ತು ಸರಿದುಹೋಗುತ್ತದೆ. ತಿರುವಾಲಂಗಾಡಿನ ನಟರಾಜನಿರುವ ಕಂಚಿನ ವಿಭಾಗಕ್ಕೆ ಮಧ್ಯಾಹ್ನವನ್ನೆಲ್ಲ ಉಳಿಸಿಕೊಳ್ಳಬೇಕು. ದೂರ ಸುಮಾರು 300 ಕಿ.ಮೀ. ಆದ್ದರಿಂದ ಹಿಂದಿನ ರಾತ್ರಿಯೇ ಹೊರಡುವುದು ಲೇಸು. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಸುಮಾರು 40 ಕಿ.ಮೀ. ದೂರದ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯ ಚಿಕ್ಕದು, ಅರ್ಧ ದಿನ ಸಾಕು. ಆದರೂ ಮಕ್ಕಳಿಗೆ ಹಳಗನ್ನಡದ ರುಚಿ ಹತ್ತಿಸಬೇಕೆನ್ನುವವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ: ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಮಡಿದುದನ್ನೂ, ಕಾಳಿ ಎಂಬ ಬೇಟೆನಾಯಿಯು ಕಾಡುಹಂದಿಯೊಡನೆ ಹೋರಾಡಿ ಸತ್ತುದನ್ನೂ ಒಂದೇ ಕಲ್ಲಿನಲ್ಲಿ ಹೇಳುವ, 10ನೇ ಶತಮಾನದ ಆತಕೂರು ಶಾಸನ ಇಲ್ಲಿದೆ.