ಡಿಪಿಎಫ್ ತೆಗೆಸಿ ರೀಮ್ಯಾಪ್ ಮಾಡಿಸುವ ಮುನ್ನ ಇದನ್ನು ಓದಿ

ಕೊಡಗಿನಲ್ಲಿ ಬಿಎಸ್ 6, ಅಂದರೆ ಹೊಗೆಯ ಹೊಸ ಮಿತಿಗೆ ತಕ್ಕಂತೆ ಮಾಡಿದ ಡೀಸೆಲ್ ಕಾರು ಓಡಿಸುವವರಿಗೆ ಡ್ಯಾಶ್‌ಬೋರ್ಡಿನ ಆ ಹಳದಿ ದೀಪದ ಪರಿಚಯ ಇದ್ದೇ ಇರುತ್ತದೆ. ಸೈಲೆನ್ಸರಿನ ಚಿತ್ರ, ಅದರೊಳಗೆ ನಾಲ್ಕಾರು ಚುಕ್ಕಿ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರಿನ ದೀಪ ಅದು. ಅದು ಹತ್ತಿಕೊಂಡಾಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಆ ಫಿಲ್ಟರ್ ತೆಗೆಸಿಬಿಡಿ, ರೀಮ್ಯಾಪ್ ಮಾಡಿಸಿ. ಪಿಕಪ್ಪೂ ಬರುತ್ತದೆ, ಮೈಲೇಜೂ ಬರುತ್ತದೆ." ರೀಮ್ಯಾಪ್ ಎಂದರೆ ಎಂಜಿನ್ನಿನ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸುವುದು. ನನ್ನ ತಮ್ಮನಿಗೂ ಹೀಗೆಯೇ ಹೇಳಿದರು. ಅವನು ಒಂದು ಅಂಗಡಿಯಲ್ಲಿ ಮಾಡಿಸಿದ. ಕೊನೆಗೆ ಅಮ್ಮನನ್ನು ಮಂಗಳೂರಿನ ಆಸ್ಪತ್ರೆಯಿಂದ ಕರೆದುಕೊಂಡು ಬರುವಾಗ ಸಂಪಾಜೆ ಘಾಟಿಯಲ್ಲಿ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ, ಕೈಕೊಟ್ಟಿತು. ಅದೇ ಅಂಗಡಿಗೆ ಈಗಲೂ ಸಿದ್ದಾಪುರ, ಗೋಣಿಕೊಪ್ಪದ ಕಡೆಯಿಂದ ಕಾರುಗಳು ಹೋಗುತ್ತಿವೆ ಎಂದು ಕೇಳಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ದೀಪದ ವಿಷಯ. ಡಿಪಿಎಫ್ ಎಂದರೆ ಸೈಲೆನ್ಸರ್ ಕೊಳವೆಯಲ್ಲಿ ಕೂರಿಸಿರುವ ಸೆರಾಮಿಕ್ ಜಾಲರಿ, ಜೇನುಗೂಡಿನಂತೆ ಸಣ್ಣ ಸಣ್ಣ ಕೋಶಗಳಿರುವಂಥದ್ದು. ಡೀಸೆಲ್ ಹೊಗೆಯ ಮಸಿ ಅದರಲ್ಲಿ ನಿಲ್ಲುತ್ತದೆ. ಮಸಿ ತುಂಬುತ್ತಾ ಬಂದಾಗ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಸ್ವಲ್ಪ ಹೆಚ್ಚುವರಿ ಡೀಸೆಲ್ ಬಿಟ್ಟು ಫಿಲ್ಟರಿನ ಶಾಖವನ್ನು ಸುಮಾರು 600 ಡಿಗ್ರಿಗೆ ಏರಿಸಿ ಆ ಮಸಿಯನ್ನು ಸುಟ್ಟುಹಾಕುತ್ತದೆ. ಇದಕ್ಕೆ ಹತ್ತಿಪ್ಪತ್ತು ನಿಮಿಷ ಒಂದೇ ಸಮನೆ ಓಡುವ ರಸ್ತೆ ಬೇಕು. ನಮ್ಮಲ್ಲಿ ಅಂಥ ರಸ್ತೆ ಎಲ್ಲಿದೆ? ತೋಟದ ಮನೆಯಿಂದ ಪೇಟೆಗೆ ಎರಡನೇ ಗೇರಿನಲ್ಲಿ ಹೋಗಿ, ಬ್ಯಾಂಕು, ಸೊಸೈಟಿ, ಗೊಬ್ಬರದಂಗಡಿ ಎಂದು ನಾಲ್ಕು ಕಡೆ ನಿಲ್ಲಿಸಿ ಮನೆಗೆ ಬಂದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಕಾರು ಕೆಟ್ಟಿಲ್ಲದಿದ್ದರೂ ದೀಪ ಹತ್ತುವುದು ಇದರಿಂದಲೇ. ಕಾರು ಮಾರುವವರು ಇದನ್ನು ಮೊದಲೇ ಹೇಳಬೇಕಿತ್ತು, ನಮಗೆ ಯಾರೂ ಹೇಳಲಿಲ್ಲ.

ತಮ್ಮ ಹೋಗಿದ್ದು ಜಿಲ್ಲೆಯ ಹೊರಗಿರುವ ಒಂದು ಟ್ಯೂನಿಂಗ್ ಅಂಗಡಿಗೆ. ಹೆಸರು ಬರೆಯುವುದಿಲ್ಲ. ಅವರು ಫಿಲ್ಟರಿನ ಡಬ್ಬಿ ಕೊಯ್ದು ಒಳಗಿನ ಜಾಲರಿಯನ್ನು ಕಿತ್ತು, ಖಾಲಿ ಡಬ್ಬಿಗೆ ಮತ್ತೆ ವೆಲ್ಡಿಂಗ್ ಮಾಡಿದರು. ಹಿಂದೆ ಅಗಲದ ಸೈಲೆನ್ಸರ್ ಹಾಕಿದರು. ಆಮೇಲೆ ಲ್ಯಾಪ್‌ಟಾಪ್ ಜೋಡಿಸಿ ಇಸಿಯುವಿನ ಪ್ರೋಗ್ರಾಂ ಬದಲಿಸಿದರು: ಡೀಸೆಲ್ ಹೆಚ್ಚು, ಟರ್ಬೊ ಒತ್ತಡ ಹೆಚ್ಚು, ಹೊಗೆಗೂ ಶಾಖಕ್ಕೂ ಕಂಪನಿ ಇಟ್ಟಿದ್ದ ಮಿತಿಗಳು ಸಡಿಲ. ಫಿಲ್ಟರೇ ಇಲ್ಲದ ಮೇಲೆ ಅದರ ಸೆನ್ಸರುಗಳು ದೂರು ಹೇಳುತ್ತವಲ್ಲ, ಆ ದೂರುಗಳನ್ನೂ ಪ್ರೋಗ್ರಾಮಿನಲ್ಲೇ ಅಳಿಸಿದರು. ನನಗೆ ಇವತ್ತಿಗೂ ಸಿಟ್ಟು ಬರುವುದು ಈ ಕೊನೆಯ ಕೆಲಸಕ್ಕೆ. ಫಿಲ್ಟರಿನ ಜಾಗದ ಶಾಖ ಮಿತಿಮೀರಿದರೂ ಅದನ್ನು ಹೇಳುವ ದೀಪ ಇನ್ನು ಹತ್ತುವುದಿಲ್ಲ.

30 ಕುದುರೆಶಕ್ತಿ ಏರಿದೆ ಎಂದು ಒಂದು ಹಾಳೆಯನ್ನೂ ಪ್ರಿಂಟ್ ಮಾಡಿ ಕೊಟ್ಟರು. ಶಕ್ತಿ ಅಳೆಯುವ ಡೈನೊ ಯಂತ್ರ ಆ ಅಂಗಡಿಯಲ್ಲಿ ಇರಲೇ ಇಲ್ಲ.

ಕಾರಿನ ಪಿಕಪ್ ನಿಜಕ್ಕೂ ಹೆಚ್ಚಿತ್ತು, ಸುಳ್ಳು ಹೇಳುವುದಿಲ್ಲ. ಕುಶಾಲನಗರದಿಂದ ಮಡಿಕೇರಿ ಹತ್ತುವಾಗ ಗೇರು ಇಳಿಸದೆ ಲಾರಿಗಳನ್ನು ದಾಟುತ್ತಿತ್ತು. ಜೊತೆಗೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಹಿಂದೆ ಕಪ್ಪು ಮೋಡ ಏಳುತ್ತಿತ್ತು, ಬಂಪರಿನ ಒಂದು ಮೂಲೆ ಎಷ್ಟು ತೊಳೆದರೂ ಮಸಿ ಮಸಿ. ನನಗೆ ಹೆಚ್ಚು ಕಳವಳ ತಂದದ್ದು ಅದರ ಸದ್ದು. ಸಂಜೆ ಮೇಲೆ ಸಿದ್ದಾಪುರದ ಕಡೆಯ ತೋಟದ ರಸ್ತೆಗಳಲ್ಲಿ ನಾವು ಗಾಜು ಇಳಿಸಿಕೊಂಡು ಓಡಿಸುತ್ತೇವೆ, ಬಿದಿರು ಮುರಿಯುವ ಸದ್ದು ಕೇಳಿದರೆ ಅಲ್ಲೇ ನಿಲ್ಲುತ್ತೇವೆ. ಈ ಸೈಲೆನ್ಸರಿನ ಗುಡುಗಿನಲ್ಲಿ ಆನೆ ಪಕ್ಕದಲ್ಲೇ ನಿಂತಿದ್ದರೂ ಗೊತ್ತಾಗುತ್ತಿರಲಿಲ್ಲ.

ಆ ದಿನ ಜೋಡುಪಾಲ ದಾಟಿ ಏರು ಹತ್ತುತ್ತಿದ್ದೆವು. ಬಾನೆಟ್ ಒಳಗಿನಿಂದ ಸಣ್ಣಗೆ ಸಿಳ್ಳೆಯಂಥ ಸದ್ದು ಶುರುವಾಯಿತು. ತಿರುವೊಂದು ಮುಗಿಯುವಷ್ಟರಲ್ಲಿ ಅದು ಕಿರುಚಾಟವಾಯಿತು, ಆಮೇಲೆ ಒಮ್ಮೆಲೇ ಎಳೆತವೇ ಇಲ್ಲ. ಹಿಂದಿನ ಗಾಜಿನಲ್ಲಿ ನೀಲಿ ಮಿಶ್ರಿತ ಬಿಳಿ ಹೊಗೆ ಬಿಟ್ಟರೆ ಬೇರೇನೂ ಕಾಣಿಸದು, ಆ ಹೊಗೆಯ ಹಿಂದೆಯೇ ಒಂದು ಟ್ಯಾಂಕರ್. ತಮ್ಮ ಹೇಗೋ ಗುಡ್ಡದ ಬದಿಗೆ ಒತ್ತಿ ನಿಲ್ಲಿಸಿ ಎಂಜಿನ್ ಆರಿಸಿದ. ಅಮ್ಮನನ್ನು ಇಳಿಸಿ ಚರಂಡಿಯ ಆಚೆ ನಿಲ್ಲಿಸಿದೆ. ಮಳೆ ಬರುತ್ತಿತ್ತು.

ಮಡಿಕೇರಿಯಲ್ಲಿ ನಮಗೆ ಗೊತ್ತಿರುವ ಹಳೆಯ ಮೆಕ್ಯಾನಿಕ್ ಒಬ್ಬರು ಅದನ್ನು ಬಿಚ್ಚುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಕೊಳವೆ ಸಡಿಲಿಸಿದ ಕೂಡಲೇ ಎಂಜಿನ್ ಆಯಿಲ್ ಸುರಿದು ಕೆಳಗಿಟ್ಟ ತಗಡಿನ ಡಬ್ಬಿಗೆ ಬಿತ್ತು. ಅಲ್ಲಿ ಗಾಳಿ ಮಾತ್ರ ಇರಬೇಕು. ಟರ್ಬೊ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ತೋರಿಸಿದರು: ಗಟ್ಟಿಯಾಗಿ ಕೂರಬೇಕಾದದ್ದು ಲಟಲಟ ಎನ್ನುತ್ತಿತ್ತು, ರೆಕ್ಕೆಗಳ ತುದಿ ಗೋಡೆಗೆ ಉಜ್ಜಿ ಹಲ್ಲು ಹಲ್ಲಾಗಿತ್ತು. ಡಿಪಿಎಫ್ ಡಬ್ಬಿಗೆ ಸ್ಪ್ಯಾನರಿನಿಂದ ಬಡಿದಾಗ ಟಣ್ ಎಂದಿತು. "ನೋಡಿ ಅಕ್ಕ, ಒಳಗೆ ಏನೂ ಇಲ್ಲ," ಎಂದರು.

ಅವರು ವಿವರಿಸಿದ್ದು ಇಷ್ಟು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಆ ಎತ್ತರಕ್ಕೆ ಗಾಳಿ ಶೇ 10ರಷ್ಟು ತೆಳುವಾಗುತ್ತದೆ. ತೆಳು ಗಾಳಿಯಿಂದ ಅಷ್ಟೇ ಒತ್ತಡ ಹುಟ್ಟಿಸಬೇಕಾದರೆ, ಮೊದಲೇ ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಟರ್ಬೊ ಇನ್ನೂ ವೇಗವಾಗಿ ತಿರುಗಬೇಕು. ಕಂಪನಿಯ ಪ್ರೋಗ್ರಾಂ ಎತ್ತರ ಏರಿದ ಹಾಗೆ ಒತ್ತಡವನ್ನು ತಾನೇ ತಗ್ಗಿಸಿ ಅದನ್ನು ಕಾಪಾಡುತ್ತದೆ. ಬಯಲು ಸೀಮೆಯಲ್ಲಿ ಕೂತು ಆ ಮಿತಿಗಳನ್ನು ಸಡಿಲಿಸಿದವನಿಗೆ ನಮ್ಮ ಘಾಟಿ ಗೊತ್ತಿಲ್ಲ. ಉದ್ದನೆಯ ಏರು, ತುಂಬಿದ ಕಾರು, ಹೆಚ್ಚು ಡೀಸೆಲ್, ಹೆಚ್ಚು ಶಾಖ. ಟರ್ಬೊದ ಬೇರಿಂಗ್ ಸವೆದು ಆಯಿಲ್ ಒಳನುಗ್ಗುತ್ತದೆ. ಆ ಆಯಿಲನ್ನೇ ಇಂಧನವಾಗಿ ಕುಡಿದು ಡೀಸೆಲ್ ಎಂಜಿನ್ ಕೀಲಿ ತಿರುಗಿಸಿದರೂ ಆರದೆ ರೊಚ್ಚಿಗೆದ್ದು ಓಡುವುದೂ ಉಂಟು. ನಮ್ಮದು ಅಲ್ಲಿಯವರೆಗೆ ಹೋಗಲಿಲ್ಲ. ಯಾರಿಗಾದರೂ ಹಾಗೇನಾದರೂ ಆದರೆ, ಗೇರಿನ ಗಾಡಿಯಾಗಿದ್ದಲ್ಲಿ ಬ್ರೇಕನ್ನು ಬಲವಾಗಿ ಒತ್ತಿಹಿಡಿದು ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ನನ್ನು ಬಂದ್ ಮಾಡಬೇಕು, ಇದನ್ನು ನೆನಪಿಡಿ.

ಆಮೇಲಿನದು ಕಾರಿಗಿಂತ ಹೊಲಸು ಕಥೆ. ಅಂಗಡಿಯವರು ಮೊದಲು "ಆಯಿಲ್ ಸರಿಯಾದದ್ದು ಹಾಕಿಲ್ಲ" ಎಂದರು, ಆಮೇಲೆ ಫೋನ್ ತೆಗೆಯುವುದನ್ನೇ ಬಿಟ್ಟರು. ನಮ್ಮ ಕಾರಿನ ಮೂಲ ಪ್ರೋಗ್ರಾಂ ವಾಪಸ್ ಹಾಕಿಕೊಡಿ ಎಂದರೆ, ಅದನ್ನು ಉಳಿಸಿಟ್ಟುಕೊಂಡೇ ಇರಲಿಲ್ಲ. ಕಿತ್ತ ಜಾಲರಿ ಎಲ್ಲಿ ಎಂದರೆ "ಗುಜರಿಗೆ ಹೋಯಿತು." ಆ ಜಾಲರಿಗೆ ಪ್ಲಾಟಿನಂ ಜಾತಿಯ ಲೋಹದ ಲೇಪ ಇರುತ್ತದೆ, ಅದಕ್ಕೆಂದೇ ಕೊಳ್ಳುವವರಿದ್ದಾರೆ. ಪೆಟ್ರೋಲ್ ಕಾರಿನಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೂ ಇದೇ ಮಾತು. ಕೂಲಿಯನ್ನೂ ಪಡೆದು ಮಾಲನ್ನೂ ಇಟ್ಟುಕೊಳ್ಳುವ ವ್ಯಾಪಾರ ಇದು. ಬಿಲ್ ಕೊಟ್ಟಿರಲಿಲ್ಲ. ಕಂಪನಿಯ ಸರ್ವಿಸ್ ಸೆಂಟರಿನವರು ಇಸಿಯು ತಿದ್ದಿರುವುದನ್ನು ಕಂಪ್ಯೂಟರಿನಲ್ಲೇ ಕಂಡುಹಿಡಿದು ವಾರಂಟಿ ಇಲ್ಲ ಎಂದರು. ಅವರನ್ನು ತಪ್ಪು ಎನ್ನಲಾರೆ. ಹೊಸ ಟರ್ಬೊ ಮತ್ತು ಹೊಸ ಡಿಪಿಎಫ್ ಎರಡನ್ನೂ ಸೇರಿಸಿ ಅವರು ಕೊಟ್ಟ ಅಂದಾಜು ಪಟ್ಟಿ ನೋಡಿ ತಮ್ಮ ಎರಡು ದಿನ ಮಾತಾಡಲಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ, ಏಕೆಂದರೆ "ಎಲ್ಲರೂ ಮಾಡಿಸುತ್ತಾರೆ" ಎಂದೇ ಇಂಥ ಅಂಗಡಿಯವರು ನಂಬಿಸುವುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. 182ಎ ಸೆಕ್ಷನ್ ಅಡಿ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಹೊಗೆ ಮತ್ತು ಸದ್ದಿನ ಮಿತಿ ಮೀರಿದರೆ 190(2)ರ ಅಡಿ ಮೊದಲ ಬಾರಿಗೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳು ಲೈಸೆನ್ಸ್ ಅನರ್ಹ. ಗ್ರಾಹಕರ ಆಯೋಗಕ್ಕೆ ಹೋಗೋಣ ಎಂದು ಕೇಳಿದಾಗ ವಕೀಲರು ಮೊದಲು ಎತ್ತಿದ ಪ್ರಶ್ನೆಯೂ ಇದೇ: ಕಾನೂನು ಒಪ್ಪದ ಕೆಲಸ ಕೆಟ್ಟಿತೆಂದು ಯಾವ ಮುಖದಲ್ಲಿ ಕೇಳುತ್ತೀರಿ? ವಿಮೆಯವರಿಗೆ ತಿಳಿಸದೆ ಮಾಡಿಸಿದ ಬದಲಾವಣೆಯನ್ನು ಹಿಡಿದು ಅಪಘಾತದ ಕ್ಲೇಮನ್ನೇ ಅವರು ಪ್ರಶ್ನಿಸಬಹುದು.

ಪೆಟ್ರೋಲ್ ಕಾರಿನವರಿಗೆ ಒಂದೇ ಮಾತು. ಟರ್ಬೊ ಇಲ್ಲದ ಸಣ್ಣ ಎಂಜಿನ್ನಿಗೆ ಬರೀ ಸೈಲೆನ್ಸರ್ ಬದಲಿಸಿದರೆ ಸಿಗುವ ಶಕ್ತಿ ಅತ್ಯಲ್ಪ. ಅದೂ ಮೇಲಿನ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಹೆಚ್ಚು ಸುತ್ತು ತಿರುಗುವಾಗ. ಘಾಟಿಗೆ ಬೇಕಾದ ಕೆಳಗಿನ ಎಳೆತ ಕಡಿಮೆಯಾಗುವುದೇ ಹೆಚ್ಚು.

ಈಗಾಗಲೇ ದೀಪ ಹತ್ತಿರುವವರು ಮೊದಲು ಕೈಪಿಡಿಯ ಆ ಪುಟ ತೆಗೆದು ಓದಿ. ದೀಪ ಹೊಸದಾಗಿ ಹತ್ತಿದ್ದರೆ ಕುಶಾಲನಗರ ದಾಟಿ ಬೈಲಕುಪ್ಪೆ, ಪಿರಿಯಾಪಟ್ಟಣದ ಕಡೆಗೆ ಕಾರು ತೆಗೆದುಕೊಂಡು ಹೋಗಿ. ಅಲ್ಲಿ ರಸ್ತೆ ಸಮತಟ್ಟು. ಒಂದು ಗೇರು ಕೆಳಗಿಟ್ಟು, ಎಂಜಿನ್ 2,000 ಆರ್‌ಪಿಎಂಗಿಂತ ಮೇಲಿರುವಂತೆ ಇಪ್ಪತ್ತು ನಿಮಿಷ ಒಂದೇ ಸಮನೆ ಓಡಿಸಿ, ನಡುವೆ ಆರಿಸಬೇಡಿ. ಬಹುತೇಕ ಅಷ್ಟಕ್ಕೇ ದೀಪ ಆರುತ್ತದೆ. ಆರದಿದ್ದರೆ, ಅಥವಾ ಅದರ ಜೊತೆಗೆ ಎಂಜಿನ್ ದೀಪವೂ ಹತ್ತಿದರೆ, ಮತ್ತೆ ಓಡಿಸದೆ ಸರ್ವಿಸ್ ಸೆಂಟರಿನಲ್ಲಿ ಯಂತ್ರ ಜೋಡಿಸಿ ಮಸಿ ಸುಡಿಸಿ. ಆಯಿಲ್ ಅಳತೆಕಡ್ಡಿಯನ್ನೂ ಎಳೆದು ನೋಡಿ: ಮೇಲಿನ ಗೆರೆ ದಾಟಿದ್ದರೆ, ಅರ್ಧಕ್ಕೆ ನಿಂತ ಸುಡುವಿಕೆಯ ಡೀಸೆಲ್ ಆಯಿಲಿಗೆ ಇಳಿದಿರುತ್ತದೆ, ಕೂಡಲೇ ಆಯಿಲ್ ಬದಲಿಸಬೇಕು. ಹಾಕಿಸುವಾಗ ಡಿಪಿಎಫ್ ಇರುವ ಎಂಜಿನ್ನಿಗೆ ಕೈಪಿಡಿಯಲ್ಲಿ ಹೇಳಿದ ಆಯಿಲನ್ನೇ ಕೇಳಿ ಹಾಕಿಸಿ, ಡಬ್ಬಿಯ ಮೇಲಿನ ಅಕ್ಷರಗಳನ್ನು ನೀವೇ ಓದಿ.